‘ನಾನೂ ತಂದೆಯೂ ಒಂದೇ’, ‘ತಂದೆ ನನಗಿಂತ ದೊಡ್ಡವನು’: ಯೇಸು ಯಾರು ಎಂಬ ಹಳೆಯ ಜಗಳ

ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ‘ನಾನೂ ತಂದೆಯೂ ಒಂದೇ’ ಎನ್ನುತ್ತಾರೆ. 14ನೇ ಅಧ್ಯಾಯಕ್ಕೆ ಬಂದರೆ ‘ತಂದೆ ನನಗಿಂತ ದೊಡ್ಡವನು’ ಎಂಬ ಮಾತು ಸಿಗುತ್ತದೆ. ಪುಸ್ತಕ ಒಂದೇ, ಹೇಳಿದವರೂ ಒಬ್ಬರೇ. ಯಾವ ಮಾತನ್ನು ಮೊದಲು ಹಿಡಿದು ಇನ್ನೊಂದನ್ನು ಅರ್ಥ ಮಾಡಿಕೊಳ್ಳಬೇಕು? ಈ ಪ್ರಶ್ನೆಗಾಗಿ ಊರು ಬಿಟ್ಟವರಿದ್ದಾರೆ, ಬೆಂಕಿಗೆ ಬಿದ್ದವರಿದ್ದಾರೆ. ಒಂದು ಕಡೆಯವರು ಬೈಬಲನ್ನು ನಂಬಿದರು, ಇನ್ನೊಂದು ಕಡೆಯವರು ತಿರಸ್ಕರಿಸಿದರು ಅಂತ ಈ ಕಥೆಯನ್ನು ಹೇಳುವುದುಂಟು. ಅದು ಅನ್ಯಾಯದ ಮಾತು. ಜಗಳಕ್ಕೆ ನಿಂತವರೆಲ್ಲ ಆ ಗ್ರಂಥವನ್ನು ಕಣ್ಣಿಗೊತ್ತಿಕೊಂಡು ಓದಿದವರೇ.

ಜಗಳ ಜೋರಾಗಿದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ, ಕ್ರಿ.ಶ. 318ರ ಸುಮಾರಿಗೆ. ಅಲ್ಲಿ ಏರಿಯಸ್ ಎಂಬ ಪಾದ್ರಿ ಇದ್ದ. ಅವನ ವಾದ ಸರಳವಾಗಿತ್ತು. ದೇವರು ಒಬ್ಬನೇ, ಅವನಿಗೆ ಹುಟ್ಟಿಲ್ಲ. ಮಗ ಅಂದಮೇಲೆ ಅವನಿಗೊಂದು ಆರಂಭ ಇರಲೇಬೇಕು. ಹಾಗಾಗಿ ಮಗ ಎಲ್ಲರಿಗಿಂತ ದೊಡ್ಡವನು, ಎಲ್ಲರಿಗಿಂತ ಮೊದಲು ಬಂದವನು, ಆದರೂ ಸೃಷ್ಟಿಯಾದವನು. ಈ ವಾದಕ್ಕೆ ಆಧಾರಗಳೂ ಇದ್ದವು. ಜ್ಞಾನೋಕ್ತಿಗಳ 8ನೇ ಅಧ್ಯಾಯದಲ್ಲಿ ಜ್ಞಾನವು ‘ದೇವರು ತನ್ನ ಕೆಲಸಗಳ ಮೊದಲಲ್ಲಿ ನನ್ನನ್ನು ಉಂಟುಮಾಡಿದನು’ ಎಂಬರ್ಥದ ಮಾತಾಡುತ್ತದೆ. ಆ ಜ್ಞಾನವೇ ಕ್ರಿಸ್ತ ಅಂತ ಆಗ ಎರಡೂ ಪಕ್ಷ ಒಪ್ಪಿತ್ತು. ಕೊನೆಯ ದಿನ ಯಾವಾಗ ಬರುತ್ತದೆಂದು ಮಗನಿಗೂ ಗೊತ್ತಿಲ್ಲ ಅಂತ ಮಾರ್ಕನ ಸುವಾರ್ತೆಯಲ್ಲೇ ಇದೆ. ಏರಿಯಸ್ ತನ್ನ ವಿಚಾರವನ್ನು ಪದ್ಯ ಮಾಡಿದ. ನಾವಿಕರಿಗೆ, ಹಿಟ್ಟು ಬೀಸುವವರಿಗೆ, ದಾರಿ ನಡೆಯುವವರಿಗೆ ಅಂತ ಅವನು ಹಾಡು ಕಟ್ಟಿದ್ದನೆಂದು ಹಳೆಯ ಚರಿತ್ರೆಕಾರನೊಬ್ಬ ಬರೆದಿದ್ದಾನೆ.

ಅವನ ಬಿಷಪ್ ಅಲೆಕ್ಸಾಂಡರ್ ಒಪ್ಪಲಿಲ್ಲ. ತಂದೆ ಯಾವಾಗಲೂ ತಂದೆಯೇ ಆಗಿದ್ದರೆ ಮಗನೂ ಯಾವಾಗಲೂ ಇರಲೇಬೇಕಲ್ವಾ ಎಂಬುದು ಅವನ ಪ್ರಶ್ನೆ. ಆದಿಯಲ್ಲಿದ್ದ ವಾಕ್ಯ, ಅಂದರೆ ಯೇಸು, ದೇವರೇ ಆಗಿತ್ತು ಅಂತ ಯೋಹಾನ ಶುರುಮಾಡುತ್ತಾನೆ. ಅದೇ ಸುವಾರ್ತೆಯ ಕೊನೆಯ ಭಾಗದಲ್ಲಿ ಶಿಷ್ಯ ತೋಮ ಯೇಸುವನ್ನು ‘ನನ್ನ ಸ್ವಾಮಿ, ನನ್ನ ದೇವರು’ ಅಂತ ಕರೆಯುತ್ತಾನೆ. ಇದರ ಹಿಂದೆ ಇನ್ನೂ ಆಳದ ಕಾಳಜಿಯೊಂದಿತ್ತು. ಮನುಷ್ಯನನ್ನು ಉಳಿಸುವುದು ದೇವರಿಂದ ಮಾತ್ರ ಸಾಧ್ಯ. ಯೇಸು ಸೃಷ್ಟಿಯಾದವನಾದರೆ ಅವನಿಂದ ಬರುವ ರಕ್ಷಣೆಗೆ ಏನು ಬೆಲೆ? ಅವನಿಗೆ ಮಾಡುವ ಪ್ರಾರ್ಥನೆ ಯಾರಿಗೆ ಸಲ್ಲುತ್ತದೆ? ಅಲೆಕ್ಸಾಂಡರನ ನಂತರ ಬಿಷಪ್ ಆದ ಅಥನೇಸಿಯಸ್ ಜೀವನವಿಡೀ ಈ ಮಾತಿಗಾಗಿ ಹೋರಾಡಿದ.

324ರಲ್ಲಿ ಇಡೀ ರೋಮ್ ಸಾಮ್ರಾಜ್ಯ ಕಾನ್‌ಸ್ಟಂಟೈನನ ಕೈಗೆ ಬಂತು. ಇದು ತೀರಾ ಸಣ್ಣ ವಿಷಯ, ಇದಕ್ಕೆ ಜಗಳ ಬೇಡ ಅಂತ ಅವನು ಇಬ್ಬರಿಗೂ ಪತ್ರ ಬರೆದ. ಯಾರೂ ಕೇಳಲಿಲ್ಲ. 325ರಲ್ಲಿ ನೈಸೀಯದಲ್ಲಿ, ಅಂದರೆ ಇಂದಿನ ಟರ್ಕಿಯ ಇಝ್ನಿಕ್‌ನಲ್ಲಿ, ಬಿಷಪ್‌ಗಳ ಮಹಾಸಭೆ ಕರೆದ. ಬಂದವರು 318 ಜನ ಎಂಬುದು ಸಂಪ್ರದಾಯದ ಲೆಕ್ಕ. ಅಂದಹಾಗೆ, ಬೈಬಲಿನಲ್ಲಿ ಯಾವ ಪುಸ್ತಕ ಇರಬೇಕು ಅಂತ ತೀರ್ಮಾನಿಸಿದ್ದು ಇದೇ ಸಭೆ ಎಂಬ ಮಾತು ಈಗ ಎಲ್ಲ ಕಡೆ ಓಡಾಡುತ್ತಿದೆ. ಅದು ನಿಜವಲ್ಲ. ಅಲ್ಲಿನ ಮುಖ್ಯ ಚರ್ಚೆ ಮಗನ ಬಗ್ಗೆ. ಈಸ್ಟರ್ ಯಾವ ದಿನ ಮಾಡಬೇಕು ಎಂಬುದು ಅಲ್ಲಿದ್ದ ಇನ್ನೊಂದು ವಿಷಯ.

ಆ ಚರ್ಚೆ ಹೇಗೆ ಸಾಗಿತೆಂದು ಅಥನೇಸಿಯಸ್ ಮುಂದೆ ಬರೆದಿಟ್ಟಿದ್ದಾನೆ. ಇಡೀ ವಿವಾದದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಭಾಗ ಇದೇ. ಬಿಷಪ್‌ಗಳು ಮೊದಲು ಬೈಬಲಿನ ಮಾತುಗಳಲ್ಲೇ ನಂಬಿಕೆಯನ್ನು ಹೇಳಲು ನೋಡಿದರು. ಮಗ ‘ದೇವರಿಂದ ಬಂದವನು’ ಅನ್ನೋಣ ಎಂದರು. ಏರಿಯಸ್ ಕಡೆಯವರು ಒಪ್ಪಿದರು, ಏಕೆಂದರೆ ಎಲ್ಲವೂ ದೇವರಿಂದಲೇ ಬಂದದ್ದು ಅಂತ ಪೌಲ ಬರೆದಿದ್ದಾನೆ. ‘ದೇವರ ಪ್ರತಿರೂಪ’ ಎಂದರೆ, ಮನುಷ್ಯನೂ ದೇವರ ಪ್ರತಿರೂಪವೇ ಅಂತ ಇನ್ನೊಂದು ವಚನ ಇತ್ತು. ‘ದೇವರ ಶಕ್ತಿ’ ಎಂದರೆ, ಯೋವೇಲನ ಪ್ರವಾದನೆಯಲ್ಲಿ ಮಿಡತೆಗಳನ್ನೂ ದೇವರ ಶಕ್ತಿ ಅಂತ ಕರೆದಿದೆ! ಯಾವ ವಚನ ತಂದರೂ ಎರಡೂ ಕಡೆಯವರು ಅದನ್ನು ತಮ್ಮ ಅರ್ಥದಲ್ಲಿ ಹೇಳಿಕೊಳ್ಳಬಹುದಿತ್ತು. ಕೊನೆಗೆ ಬೈಬಲಿನಲ್ಲಿ ಎಲ್ಲೂ ಇಲ್ಲದ ಒಂದು ಗ್ರೀಕ್ ಪದವನ್ನು ತರಬೇಕಾಯಿತು. ಅದು ‘ಹೋಮೊಊಸಿಯೊಸ್’. ಮಗ ಮತ್ತು ತಂದೆ ಇಬ್ಬರದೂ ಒಂದೇ ಸತ್ವ ಎಂದು ಅದರ ಅರ್ಥ. ಗ್ರಂಥದ ಅರ್ಥವನ್ನು ಕಾಪಾಡಲು ಗ್ರಂಥದಲ್ಲಿಲ್ಲದ ಪದವೇ ಬೇಕಾಯಿತು. ಸಹಿ ಹಾಕಿದ ಅನೇಕರಿಗೂ ಇದು ಕಸಿವಿಸಿ ತಂದಿತು. ಕೈಸರೈಯದ ಬಿಷಪ್ ಯುಸೀಬಿಯಸ್ ಸಹಿ ಹಾಕಿ, ಯಾಕೆ ಹಾಕಿದೆ ಅಂತ ತನ್ನ ಊರಿನ ಕ್ರೈಸ್ತರಿಗೆ ಉದ್ದದ ಪತ್ರ ಬರೆಯಬೇಕಾಯಿತು. ಏರಿಯಸ್ ಮತ್ತು ಲಿಬಿಯದ ಇಬ್ಬರು ಬಿಷಪ್‌ಗಳು ಗಡೀಪಾರಾದರು.

ಅಲ್ಲಿಗೆ ವಿಷಯ ಮುಗಿಯಲಿಲ್ಲ. ಚಕ್ರವರ್ತಿಗಳು ಬದಲಾದಂತೆ ಗೆಲ್ಲುವ ಪಕ್ಷವೂ ಬದಲಾಯಿತು. ಕಾನ್‌ಸ್ಟಂಟೈನನಿಗೆ 337ರಲ್ಲಿ ಮರಣಶಯ್ಯೆಯಲ್ಲಿ ದೀಕ್ಷಾಸ್ನಾನ ಕೊಟ್ಟದ್ದು ಏರಿಯಸ್ ಪಕ್ಷದ ಬಿಷಪ್. ಅಥನೇಸಿಯಸ್ ಐದು ಸಲ ಗಡೀಪಾರಾದ. ಒಟ್ಟು ಸುಮಾರು 17 ವರ್ಷ ತನ್ನ ಊರಿನಿಂದ ದೂರ ಇದ್ದ. 357ರಲ್ಲಿ ಸಿರ್ಮಿಯಮ್‌ನಲ್ಲಿ ಸೇರಿದ ಬಿಷಪ್‌ಗಳು, ‘ಸತ್ವ’ದ ಮಾತು ಬೈಬಲಿನಲ್ಲಿಲ್ಲ, ಅದನ್ನು ಎತ್ತಲೇಬೇಡಿ ಎಂದರು. ಆ ವರ್ಷಗಳಲ್ಲಿ ಜಗತ್ತೆಲ್ಲ ತಾನು ಏರಿಯಸ್ ಪಕ್ಷದ್ದಾಗಿರುವುದನ್ನು ಕಂಡು ನರಳಿ ಬೆರಗಾಯಿತು ಅಂತ ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ಮುಂದೆ ಬರೆದ.

ಜಗಳ ಬಿಷಪ್‌ಗಳ ನಡುವೆ ಮಾತ್ರ ಇರಲಿಲ್ಲ. ಕಾನ್‌ಸ್ಟಾಂಟಿನೋಪಲ್‌ನ ಬೀದಿಗಳ ಬಗ್ಗೆ ಆ ಕಾಲದ ಬಿಷಪ್, ನಿಸ್ಸದ ಗ್ರೆಗೊರಿ ಹೇಳುವುದನ್ನು ನೋಡಿ: ಚಿಲ್ಲರೆ ಕೇಳಿದರೆ ಹುಟ್ಟಿದವನು, ಹುಟ್ಟದವನು ಅಂತ ತತ್ವ ಹೇಳುತ್ತಾರೆ. ರೊಟ್ಟಿಯ ಬೆಲೆ ಕೇಳಿದರೆ ‘ತಂದೆ ದೊಡ್ಡವನು, ಮಗ ಕೆಳಗಿನವನು’ ಎನ್ನುತ್ತಾರೆ. ಸ್ನಾನಕ್ಕೆ ನೀರು ಸಿದ್ಧವೇ ಎಂದರೆ ‘ಮಗ ಶೂನ್ಯದಿಂದ ಉಂಟಾದವನು’ ಎಂಬ ಉತ್ತರ. 380ರಲ್ಲಿ ಥಿಯೋಡೋಸಿಯಸ್ ಚಕ್ರವರ್ತಿ ನೈಸೀಯದ ನಂಬಿಕೆಯನ್ನು ರಾಜಾಜ್ಞೆ ಮಾಡಿದ. ಮರುವರ್ಷ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅದನ್ನು ಗಟ್ಟಿ ಮಾಡಿತು. ವಾದದ ಬಲ ದೊಡ್ಡದಿತ್ತು, ನಿಜ. ಆದರೆ ರಾಜಾಜ್ಞೆ ಬಂದಮೇಲೆ ಇನ್ನೊಂದು ಓದು ಬರೀ ತಪ್ಪಾಗಿ ಉಳಿಯಲಿಲ್ಲ, ಅಪರಾಧವಾಯಿತು. ಈ ಚರಿತ್ರೆಯಲ್ಲಿ ನನಗೆ ನೋವು ಕೊಡುವುದು ಇದೇ.

ಮುಂದಿನ ಪ್ರಶ್ನೆ, ಯೇಸುವಿನಲ್ಲಿ ದೈವತ್ವ ಮತ್ತು ಮನುಷ್ಯತ್ವ ಹೇಗೆ ಕೂಡಿವೆ ಎಂಬುದು. 451ರ ಕಾಲ್ಸಿಡನ್ ಮಹಾಸಭೆ ‘ಒಬ್ಬನೇ ವ್ಯಕ್ತಿ, ಎರಡು ಸ್ವಭಾವ’ ಎಂದಿತು. ಈಜಿಪ್ಟ್, ಸಿರಿಯಾ, ಅರ್ಮೇನಿಯಾದ ದೊಡ್ಡ ಕ್ರೈಸ್ತ ಸಭೆಗಳು ಒಪ್ಪದೆ ಬೇರೆಯಾದವು. ಆ ಸಿರಿಯನ್ ಪರಂಪರೆಯ ಒಂದು ಸಭೆ ನಮ್ಮ ಉಡುಪಿಯ ಬ್ರಹ್ಮಾವರದಲ್ಲೂ ಇದೆ. ಅವರಿಗೆ ಯೇಸು ಪೂರ್ತಿ ದೇವರೇ. ನೈಸೀಯ ಒಪ್ಪಿಗೆ, ಕಾಲ್ಸಿಡನ್ ಅಲ್ಲ.

ಸಾವಿರ ವರ್ಷದ ಮೇಲೆ ಮುದ್ರಣ ಬಂತು, ಬೈಬಲ್ ಜಾಸ್ತಿ ಜನರ ಕೈಗೆ ಸಿಕ್ಕಿತು. ಹಳೇ ಪ್ರಶ್ನೆಯೂ ಮತ್ತೆ ಎದ್ದಿತು. 1516ರಲ್ಲಿ ವಿದ್ವಾಂಸ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದಾಗ, ಯೋಹಾನನ ಮೊದಲ ಪತ್ರದಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ‘ಈ ಮೂವರೂ ಒಂದೇ’ ಎಂಬ ಸಾಲು ಇರಲಿಲ್ಲ. ಅವನು ನೋಡಿದ ಗ್ರೀಕ್ ಹಸ್ತಪ್ರತಿಗಳಲ್ಲಿ ಅದು ಇರಲಿಲ್ಲ. ಗಲಾಟೆಯಾಗಿ 1522ರಲ್ಲಿ ಸೇರಿಸಿದ. ಇಂದಿನ ವಿದ್ವಾಂಸರು ಅದನ್ನು ಆಮೇಲೆ ಸೇರಿದ ಸಾಲೆಂದೇ ಒಪ್ಪುತ್ತಾರೆ. ಹಾಗಂತ ತ್ರಿಯೇಕ ನಂಬಿಕೆ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದು, ಬೀಳುವುದಿಲ್ಲ. ನೈಸೀಯದವರು ಆ ಸಾಲಿನ ಮೇಲೆ ನಿಂತಿರಲೇ ಇಲ್ಲ.

ಸ್ಪೇನಿನ ವೈದ್ಯ ಮೈಕೆಲ್ ಸರ್ವೀಟಸ್ 1531ರಲ್ಲೇ ತ್ರಿಯೇಕ ನಂಬಿಕೆ ಬೈಬಲಿನದ್ದಲ್ಲ ಅಂತ ಪುಸ್ತಕ ಬರೆದಿದ್ದ. ರಕ್ತ ಶ್ವಾಸಕೋಶಕ್ಕೆ ಹೋಗಿ ಬರುವ ದಾರಿಯನ್ನು ಯುರೋಪಿನಲ್ಲಿ ಮೊದಲಿಗೆ ವಿವರಿಸಿದವನೂ ಅವನೇ. 1553ರ ಅಕ್ಟೋಬರ್ 27ರಂದು, ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಇದ್ದ ಜಿನೀವಾದಲ್ಲಿ, ಅವನನ್ನು ಜೀವಂತ ಸುಟ್ಟರು. ‘ಯೇಸುವೇ, ನಿತ್ಯನಾದ ದೇವರ ಮಗನೇ, ಕರುಣಿಸು’ ಅಂತ ಅವನು ಕೂಗಿದನೆಂದು ಆ ಕಾಲದ ಬರಹ ಹೇಳುತ್ತದೆ. ಅಲ್ಲಿ ನಿತ್ಯನಾದವನು ದೇವರು, ಮಗನಲ್ಲ. ‘ದೇವರ ನಿತ್ಯನಾದ ಮಗನೇ’ ಅನ್ನಬೇಕೆಂದು ಸುಡಿಸಿದವರು ಬಯಸಿದ್ದರು. ಅವನು ಅನ್ನಲಿಲ್ಲ. ಮನುಷ್ಯನನ್ನು ಕೊಲ್ಲುವುದು ಸಿದ್ಧಾಂತವನ್ನು ಕಾಪಾಡಿದಂತಲ್ಲ, ಮನುಷ್ಯನನ್ನು ಕೊಂದಂತೆ ಅಷ್ಟೇ ಅಂತ ಕ್ಯಾಲ್ವಿನ್‌ನ ವಿರೋಧಿಯಾಗಿದ್ದ ವಿದ್ವಾಂಸ ಸೆಬಾಸ್ಟಿಯನ್ ಕ್ಯಾಸ್ಟೆಲಿಯೊ ಬರೆದ. ಆ ಬರಹ ಅಚ್ಚಾಗಿದ್ದು 1612ರಲ್ಲಿ, ಅವನು ಸತ್ತು ಎಷ್ಟೋ ವರ್ಷದ ಮೇಲೆ.

ಭಾರತಕ್ಕೂ ಈ ವಾದ ಬಂತು. 1820ರಲ್ಲಿ ಕಲ್ಕತ್ತೆಯ ರಾಮಮೋಹನ ರಾಯರು ಪವಾಡಗಳನ್ನು ಬಿಟ್ಟು ಯೇಸುವಿನ ಬೋಧನೆಗಳನ್ನಷ್ಟೇ ಆರಿಸಿ ಪುಸ್ತಕ ಮಾಡಿದರು. ಸೆರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಕಟುವಾಗಿ ಟೀಕಿಸಿದರು. ರಾಯರು ಗ್ರೀಕ್, ಹೀಬ್ರೂ ಆಧಾರಗಳನ್ನು ಹಿಡಿದು ಮೂರು ಉತ್ತರ ಬರೆದರು. ಮೂರನೆಯದನ್ನು ಮಿಷನ್ ಪ್ರೆಸ್ ಅಚ್ಚು ಹಾಕಲು ಒಪ್ಪಲಿಲ್ಲ. ಸುಮ್ನಿರದ ರಾಯರು ಸ್ವಂತ ಅಚ್ಚುಕೂಟವನ್ನೇ ಶುರುಮಾಡಿದರು. ಅವರ ಜೊತೆ ಬಂಗಾಳಿ ಸುವಾರ್ತೆಯ ಅನುವಾದಕ್ಕೆ ಕೂತಿದ್ದ ಮಿಷನರಿ ವಿಲಿಯಂ ಆಡಮ್ 1821ರಲ್ಲಿ ತ್ರಿಯೇಕ ನಂಬಿಕೆ ಬಿಟ್ಟು ಯೂನಿಟೇರಿಯನ್, ಅಂದರೆ ತಂದೆಯೊಬ್ಬನೇ ದೇವರು ಎನ್ನುವವರು, ಆದರು. ಖಾಸಿ ಬೆಟ್ಟಗಳಲ್ಲಿ ವೆಲ್ಶ್ ಮಿಷನ್‌ನ ವಾತಾವರಣದಲ್ಲಿ ಬೆಳೆದ ಹಾಜೊಮ್ ಕಿಸ್ಸೊರ್ ಸಿಂಗ್ ಬೈಬಲ್ ಓದಿ ಅಂಥದೇ ನಿಲುವಿಗೆ ಬಂದರು. 1887ರಲ್ಲಿ ಜೋವಾಯಿಯಲ್ಲಿ ಅವರು ಕಟ್ಟಿದ ಯೂನಿಟೇರಿಯನ್ ಸಭೆ ಮೇಘಾಲಯದಲ್ಲಿ ಈಗಲೂ ಇದೆ.

ಇಂದು ಕ್ಯಾಥೊಲಿಕರು, ಆರ್ಥೊಡಾಕ್ಸರು, ಹೆಚ್ಚಿನ ಪ್ರೊಟೆಸ್ಟಂಟರು ನೈಸೀಯದ ಪರವೇ. ಯೆಹೋವನ ಸಾಕ್ಷಿಗಳು ಒಪ್ಪುವುದಿಲ್ಲ. ಅವರು ಮುಂದಿಡುವ ವಚನಗಳಲ್ಲಿ ಹಲವು ಏರಿಯಸ್ ಪಕ್ಷ ಹಿಡಿದಿದ್ದ ವಚನಗಳೇ. 1948ರಲ್ಲಿ ಹುಟ್ಟಿದ ಸಭೆಗಳ ವಿಶ್ವ ಒಕ್ಕೂಟ, ಯೇಸುವನ್ನು ದೇವರೂ ರಕ್ಷಕನೂ ಎಂದು ಒಪ್ಪುವ ಸಭೆಗಳ ಕೂಟ ತಾನು ಎಂದು ಹೇಳಿಕೊಂಡಿತ್ತು. 1961ರಲ್ಲಿ ದೆಹಲಿಯಲ್ಲಿ ಸೇರಿದಾಗ ಆ ವಾಕ್ಯಕ್ಕೆ ತಂದೆ, ಮಗ, ಪವಿತ್ರಾತ್ಮರ ಹೆಸರನ್ನು ಸೇರಿಸಿದರು. ‘ಧರ್ಮಗ್ರಂಥದ ಪ್ರಕಾರ’ ಎಂಬ ಮಾತನ್ನೂ ಸೇರಿಸಿದ್ದು ಅದೇ ದೆಹಲಿ ಸಭೆಯಲ್ಲಿ.