ಡಾವಾ ಅಂದರೆ ಎಡ, ದಾಯಾ ಅಂದರೆ ಬಲ

ಮರಾಠಿಯಲ್ಲಿ ಎಡಕ್ಕೆ ‘ಡಾವಾ’ ಅನ್ನುತ್ತಾರೆ. ಹಿಂದಿಯಲ್ಲಿ ಬಲಕ್ಕೆ ‘ದಾಯಾ’. ಮುಂಬೈಯಲ್ಲಿ ಇಷ್ಟು ವರ್ಷ ಇದ್ದರೂ ಆಟೋದವನಿಗೆ ದಾರಿ ಹೇಳುವಾಗ ನಾನು ಬಾಯಿಗಿಂತ ಕೈಯನ್ನೇ ಜಾಸ್ತಿ ನಂಬುತ್ತೇನೆ. ಆಟೋ ತಪ್ಪು ಗಲ್ಲಿಗೆ ಹೊಕ್ಕರೆ ಹತ್ತಿಪ್ಪತ್ತು ರೂಪಾಯಿ ಹೋಗುತ್ತದೆ, ಅಷ್ಟೇ. ಅಮ್ಮನ ಮೊಣಕಾಲಿನ ಆಪರೇಷನ್ ದಿನ ಇನ್ನೂ ಏನೇನೋ ಹೋಗುವುದರಲ್ಲಿತ್ತು.

ಬದಲಾಯಿಸಬೇಕಿದ್ದದ್ದು ಬಲ ಮೊಣಕಾಲು. ಬೆಳಿಗ್ಗೆ ವಾರ್ಡ್‌ಬಾಯ್ ಬಾಗಿಲಲ್ಲೇ ನಿಂತು ‘ದಾಯಾ ಘುಟ್ನಾ’ ಎಂದು ಕೂಗಿ ಹೋದ. ಕೇರಳದಿಂದ ಹೊಸದಾಗಿ ಬಂದಿದ್ದ ಸಿಸ್ಟರ್ ಕಿವಿಗೆ ಅದು ‘ಡಾವಾ’ ಎಂದು ಬಿತ್ತು. ಎಡ ಮೊಣಕಾಲಿನ ಕೂದಲು ತೆಗೆದರು, ಕಂದು ಬಣ್ಣದ ಅಯೋಡಿನ್ ಬಳಿದರು. ಅಮ್ಮ ಎಲ್ಲವನ್ನೂ ನೋಡುತ್ತಾ ಮಲಗಿದ್ದಳು. ಒಂದು ಮಾತಿಲ್ಲ. ಕೊನೆಗೆ ಬಾಯಿ ಬಿಟ್ಟದ್ದು ಎರಡು ದಿನದಿಂದ ಅವಳನ್ನು ಕೈ ಹಿಡಿದು ಬಾತ್‌ರೂಮಿಗೆ ಕರೆದೊಯ್ಯುತ್ತಿದ್ದ ಮಾವಶಿ. ಇಲ್ಲಿ ಆಯಾಗಳನ್ನು ಹಾಗೇ ಕರೆಯುವುದು. ‘ಅಲ್ಲ ಸಿಸ್ಟರ್, ಅಜ್ಜಿ ಕುಂಟೋದು ಆ ಇನ್ನೊಂದು ಕಾಲಲ್ಲಲ್ವಾ?’

ಆಮೇಲೆ ಅಮ್ಮನನ್ನು ಕೇಳಿದೆ, ನೀನ್ಯಾಕೆ ಸುಮ್ನಿದ್ದೆ ಎಂದು. ‘ಅಷ್ಟು ಓದಿದವರು, ಅವರಿಗೆ ಗೊತ್ತಿರಲ್ವಾ? ಎರಡಕ್ಕೂ ಹಚ್ತಾರೇನೋ ಅಂದ್ಕೊಂಡೆ.’ ನೋಡಲು ಬಂದ ನೆಂಟರಲ್ಲಿ ಒಬ್ಬರು ಗ್ರಹಗತಿ ಚೆನ್ನಾಗಿತ್ತು ಅಂದರು. ಇನ್ನೊಬ್ಬರು ಅಮಾವಾಸ್ಯೆ ಹತ್ತಿರ ಆಪರೇಷನ್ ಇಟ್ಟುಕೊಂಡದ್ದೇ ತಪ್ಪು ಅಂದರು. ಮಾವಶಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಅಮ್ಮನಂತೆಯೇ ಸುಮ್ಮನೆ ಕೂತವರು ಇಂಗ್ಲೆಂಡಿನಲ್ಲೂ ಇದ್ದರು. 1989ರ ಜನವರಿ 8ರಂದು ಬೋಯಿಂಗ್ 737 ವಿಮಾನವೊಂದರ ಎಡ ಎಂಜಿನ್ ಕೆಟ್ಟಿತು. ಪೈಲಟ್‌ಗಳು ಬಲ ಎಂಜಿನ್ ಆಫ್ ಮಾಡಿದರು. ಬಲ ಎಂಜಿನ್‌ಗೆ ತೊಂದರೆಯಾಗಿದೆ ಎಂದು ಕ್ಯಾಪ್ಟನ್ ಮೈಕಿನಲ್ಲಿ ಹೇಳಿದ್ದೂ ಆಯಿತು. ಹಿಂದೆ ಕೂತ ಎಷ್ಟೋ ಪ್ರಯಾಣಿಕರು ಎಡಗಡೆ ಬೆಂಕಿ ಕಂಡಿದ್ದರು. ಯಾರೂ ಎದ್ದು ಹೇಳಲಿಲ್ಲ. ಪೈಲಟ್‌ಗೆ ಗೊತ್ತಿರಲ್ವಾ? ಕೆಗ್‌ವರ್ತ್ ಎಂಬ ಊರಿನ ಹತ್ತಿರ ಅದು ಹೆದ್ದಾರಿಯ ದಂಡೆಗೆ ಅಪ್ಪಳಿಸಿತು. 47 ಜನ ಸತ್ತರು.

ಇದಕ್ಕಿಂತ ಹತ್ತಿರದ ಕಥೆ ಬಾಂದ್ರಾದ್ದು. 1978ರ ಜನವರಿ 1ರ ರಾತ್ರಿ, ಏರ್ ಇಂಡಿಯಾದ ಜಂಬೋ ‘ಎಂಪರರ್ ಅಶೋಕ’ ದುಬೈಗೆಂದು ಸಾಂತಾಕ್ರೂಜ್‌ನಿಂದ ಎದ್ದಿತು. ಮುಂದೆ ಅರಬ್ಬೀ ಸಮುದ್ರ, ಪೂರ್ತಿ ಕತ್ತಲೆ, ದಿಗಂತವೇ ಇಲ್ಲ. ವಿಮಾನ ಎತ್ತ ವಾಲಿದೆ ಎಂದು ಹೇಳಬೇಕಾದ ಉಪಕರಣ ಕ್ಯಾಪ್ಟನ್ ಎದುರು ಕೆಟ್ಟು, ಬಲಕ್ಕೆ ವಾಲಿದಂತೆ ತೋರಿಸುತ್ತಲೇ ಇತ್ತು. ಅದನ್ನು ನೇರ ಮಾಡಲು ಅವರು ವಿಮಾನವನ್ನು ಎಡಕ್ಕೆ ತಿರುಗಿಸಿದರು. ಇನ್ನೂ ಎಡಕ್ಕೆ. ನನ್ನ ಉಪಕರಣಕ್ಕೆ ಏನಾಯಿತು ಎಂದು ಅವರು ಕೇಳಿದಾಗ ಕೋ-ಪೈಲಟ್ ಹೇಳಿದ್ದರ ಅರ್ಥ ಇಷ್ಟು: ನನ್ನದೂ ವಾಲಿದೆ.

ಎತ್ತ? ಹೇಳಲಿಲ್ಲ. ಕೋ-ಪೈಲಟ್ ಎದುರಿನ ಉಪಕರಣ ಬಹುಶಃ ಸರಿಯಾಗೇ ಇತ್ತು, ವಿಮಾನ ನಿಜವಾಗಿ ಎಡಕ್ಕೆ ವಾಲಿದ್ದನ್ನೇ ತೋರಿಸುತ್ತಿತ್ತು. ಆದರೆ ಆ ‘ನನ್ನದೂ’ ಕ್ಯಾಪ್ಟನ್ ಕಿವಿಗೆ ನನ್ನದೂ ಕೆಟ್ಟಿದೆ ಎಂದು ಕೇಳಿಸಿರಬೇಕು. ಕ್ಯಾಪ್ಟನ್ ಎದುರಿನದನ್ನು ನಂಬಬೇಡಿ ಎಂದು ಫ್ಲೈಟ್ ಎಂಜಿನಿಯರ್ ಎಚ್ಚರಿಸುವಷ್ಟರಲ್ಲಿ ಸಮಯ ಮುಗಿದಿತ್ತು. ನೆಲ ಬಿಟ್ಟ 101 ಸೆಕೆಂಡಿಗೆ ವಿಮಾನ ಸಮುದ್ರದಲ್ಲಿತ್ತು. 213 ಜನ, ಒಬ್ಬರೂ ಉಳಿಯಲಿಲ್ಲ. ಬಾಂದ್ರಾ ಕಡಲಂಚಿನ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಕೂತು ಭುಟ್ಟಾ ತಿನ್ನುವಾಗೆಲ್ಲ ನನಗೆ ಆ ಒಂದು ‘ಊ’ಕಾರ ನೆನಪಾಗುತ್ತದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇನ್ನೊಂದು ವಿಮಾನ ಬಿತ್ತು. ಕ್ಯಾಪ್ಟನ್ ಚಕ್ರದ ತೊಂದರೆಯಲ್ಲೇ ಮುಳುಗಿದ್ದರು. ಇಂಧನ ಮುಗಿಯುತ್ತಿದೆ ಎಂದು ಪಕ್ಕದವರು ಹೇಳಿದ್ದು ಅವರಿಗೆ ನಾಟಲೇ ಇಲ್ಲ. ಮರುವರ್ಷ ನಾಸಾ ಈ ವಿಷಯಕ್ಕೇ ಒಂದು ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಪೈಲಟ್‌ಗಳಿಗೆ ತರಬೇತಿ ಶುರು ಮಾಡಿತು. ಅದೇ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್), ಅಂದರೆ ಕಿರಿಯರು ಹೇಳುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ಕಲಿಸುವ ಪಾಠ. ಮೊದಲು ಅದು ಕಾಕ್‌ಪಿಟ್ಟಿಗೆ ಮಾತ್ರ ಇತ್ತು. ಆಮೇಲೆ ಗಗನಸಖಿಯರನ್ನೂ ಸೇರಿಸಿಕೊಂಡರು. ಈಗ ಆಪರೇಷನ್ ಥಿಯೇಟರ್‌ಗಳಲ್ಲೂ ಇದೇ ಪಾಠ ನಡೆಯುತ್ತಿದೆ.

ಈ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಅದು ಮಾತು ತೆಳುವಾಗುವ ಬಗೆ. ಕಿರಿಯ ಹಿರಿಯನಿಗೆ ಅಪಾಯ ತಿಳಿಸುವಾಗ ಸಾರಿಗೆ ನೀರು ಹೊಯ್ದಂತೆ ಮಾತಿಗೆ ಮರ್ಯಾದೆ ಹೊಯ್ಯುತ್ತಾನೆ. ‘ನಿಲ್ಲಿಸಿ’ ಅನ್ನುವುದು ‘ಸರ್, ನಿಲ್ಲಿಸೋಣ್ವಾ?’ ಆಗುತ್ತದೆ. ಅದಕ್ಕೆ ಇನ್ನೊಂದು ಲೋಟ ನೀರು ಬಿದ್ದರೆ ‘ಸರ್, ಒಂದ್ಸಲ ನೋಡ್ತೀರಾ?’ ಕೊನೆಗೆ ಬರೀ ‘ಸರ್...’ ಉಳಿಯುತ್ತದೆ. ನಮ್ಮ ಕನ್ನಡದಲ್ಲಂತೂ ‘ನೀವು’, ‘ತಾವು’, ‘ಅಲ್ವೇನೋ’, ‘ಇರಬಹುದೇನೋ’ ಎಂದು ನೀರಿನ ಕೊಡಗಳು ಸಾಲಾಗಿ ತುಂಬಿಯೇ ಇವೆ.

ಹಿರಿಯ-ಕಿರಿಯರ ನಡುವಿನ ಅಧಿಕಾರದ ಅಂತರವನ್ನು ಈ ಪಾಠದಲ್ಲಿ ಇಳಿಜಾರು ಅನ್ನುತ್ತಾರೆ. ಇಳಿಜಾರು ಹೆಚ್ಚಾದಷ್ಟೂ ನೀರು ಹೆಚ್ಚು. ಹಾಗೆಂದು ಇಳಿಜಾರೇ ಬೇಡ ಅನ್ನುವ ಹಾಗಿಲ್ಲ. ಕೊಂಕಣದ ಹೆಂಚಿನ ಮಾಡು ನೋಡಿ. ತೀರಾ ಕಡಿದಾದರೆ ಹೆಂಚು ಜಾರುತ್ತದೆ, ಚಪ್ಪಟೆಯಾದರೆ ಮಳೆನೀರು ಒಳಗಿಳಿಯುತ್ತದೆ. ಯಕ್ಷಗಾನದಲ್ಲಿ ಭಾಗವತರೇ ಮುಖ್ಯ. ಆದರೆ ಅವರ ತಾಳ ತಪ್ಪಿತೆಂದು ಮದ್ದಲೆಯವರು ಆಟ ಮುಗಿಯುವ ತನಕ ಕಾಯುವುದಿಲ್ಲ, ಆ ಕ್ಷಣವೇ ಪೆಟ್ಟಿನಲ್ಲೇ ಹೇಳುತ್ತಾರೆ. ಭಾಗವತರೂ ಅದನ್ನು ಅವಮಾನ ಅಂದುಕೊಳ್ಳುವುದಿಲ್ಲ. ಎಷ್ಟು ಇಳಿಜಾರು ಬೇಕೋ ಅಷ್ಟೇ ಅಲ್ಲಿದೆ.

ಮಂಗಳೂರಿನ ಬಜ್ಪೆಯಲ್ಲಿ 2010ರ ಮೇ 22ರಂದು ಕೋ-ಪೈಲಟ್ ತೆಳುವಾಗಿ ಹೇಳಲಿಲ್ಲ. ಇಳಿಯುವುದು ಬೇಡ, ಮತ್ತೆ ಮೇಲೇರಿ ಎಂದು ಮೂರು ಸಲ ಹೇಳಿದರು. ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದ ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಗುಡ್ಡದ ಮೇಲಿನ ರನ್‌ವೇ, 158 ಸಾವು. ಮುಂಬೈಯಲ್ಲಿರುವ ಎಷ್ಟೋ ಕರಾವಳಿ ಮನೆಗಳಲ್ಲಿ ಆ ಬೆಳಿಗ್ಗೆ ಫೋನು ನಿಲ್ಲದೆ ಹೊಡೆದುಕೊಂಡಿತ್ತು. ಗಟ್ಟಿಯಾಗಿ ಹೇಳುವುದನ್ನು ಕಲಿಸಿದರೆ ಅರ್ಧ ಪಾಠ ಮುಗಿಯಿತು. ಎರಡು ಸಲ ಹೇಳಿಯೂ ಉತ್ತರ ಬರದಿದ್ದರೆ ಏನು ಮಾಡಬೇಕು? ಕಷ್ಟದ ಅರ್ಧ ಅದು. ಕಿರಿಯನೇ ಕೈ ಹಾಕಿ ನಿಯಂತ್ರಣ ತೆಗೆದುಕೊಳ್ಳಬೇಕು. ಅದನ್ನು ಸಿಮ್ಯುಲೇಟರ್‌ನಲ್ಲಿ ಮಾಡಿ ಮಾಡಿ ಅಭ್ಯಾಸವಾಗಿರಬೇಕು. ಹಿರಿಯನಿಗೂ ಬಿಟ್ಟುಕೊಟ್ಟು ಅಭ್ಯಾಸ ಇರಬೇಕು.

‘ನನ್ನದೂ’ ಎಂಬ ಅರ್ಧ ಮಾತಿಗೆ ಮದ್ದು ಬೇರೆ, ಅದು ಮಾಟುಂಗಾದ ನಮ್ಮ ಉಡುಪಿ ಹೋಟೆಲುಗಳಲ್ಲೇ ಇದೆ. ಸಪ್ಲೈಯರ್ ‘ಎರಡು ಸಾದಾ, ಒಂದು ರವಾ ಕಡಕ್’ ಎಂದು ಕೂಗುತ್ತಾನೆ. ಒಳಗಿನಿಂದ ಭಟ್ಟರು ‘ಎರಡು ಸಾದಾ, ಒಂದು ರವಾ ಕಡಕ್’ ಎಂದು ತಿರುಗಿ ಕೂಗುತ್ತಾರೆ. ‘ಆಯ್ತು’ ಅನ್ನುವುದಿಲ್ಲ. ‘ಆಯ್ತು’ ಅಂದರೆ ಏನು ಕೇಳಿಸಿತು ಎಂದು ಗೊತ್ತಾಗುವುದೇ ಇಲ್ಲವಲ್ಲ! ಪೈಲಟ್ ಮತ್ತು ಕಂಟ್ರೋಲ್ ಟವರ್ ನಡುವಿನ ಮಾತೂ ಹೀಗೇ. ದೋಸೆಗಿರುವ ಈ ಮುತುವರ್ಜಿ ಆ ವಾರ್ಡಿನಲ್ಲಿ ಮೊಣಕಾಲಿಗೆ ಇರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಆಪರೇಷನ್ ಚೆಕ್‌ಲಿಸ್ಟಿನಲ್ಲಿ 19 ಅಂಶಗಳಿವೆ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದರು. ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ಆ ಫಲಿತಾಂಶ 2009ರಲ್ಲಿ ಹೊರಬಂತು. ಕೆನಡಾದ ಒಂಟಾರಿಯೋದಲ್ಲಿ 101 ಆಸ್ಪತ್ರೆಗಳ ಲೆಕ್ಕ ನೋಡಿದಾಗ ಅಂಥ ಲಾಭವೇನೂ ಕಾಣಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಾಗದಕ್ಕೆ ಟಿಕ್ ಹಾಕುವುದು ಸುಲಭ. ಆ ಪಟ್ಟಿಯಲ್ಲಿ ನನ್ನ ಮೆಚ್ಚಿನ ಸಾಲು ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು ಎಂಬುದು. ಸುಮ್ನೆ ಶಿಷ್ಟಾಚಾರದಂತೆ ಕಾಣುತ್ತದೆ. ಆದರೆ ಒಮ್ಮೆ ಬಾಯಿ ತೆರೆದವರಿಗೆ ಎರಡನೇ ಸಲ ತೆರೆಯುವುದು ಅಷ್ಟು ಕಷ್ಟವಾಗುವುದಿಲ್ಲ.

ಎರಡು ವರ್ಷದ ಮೇಲೆ ಅಮ್ಮನ ಇನ್ನೊಂದು ಮೊಣಕಾಲೂ ಕೈಕೊಟ್ಟಿತು. ಈ ಸಲ ಬೇರೆ ಆಸ್ಪತ್ರೆ. ಸರ್ಜನ್ ಸ್ವತಃ ಪೆನ್ನು ಹಿಡಿದು ಹಾಸಿಗೆ ಹತ್ತಿರ ಬಂದರು. ‘ಎಡಗಾಲು ತಾನೇ?’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಅಮ್ಮ ಏನಿದ್ದರೂ ಹೂಂ ಅನ್ನುವವಳೇ. ‘ಯಾವ ಕಾಲು, ನೀವೇ ಹೇಳಿ’ ಅಂದರು. ಅಮ್ಮ ಎದ್ದು ಕೂತು, ಸೀರೆ ಸ್ವಲ್ಪ ಸರಿಸಿ, ಮೊಣಕಾಲಿನ ಮೇಲೆ ಎರಡು ಸಲ ತಟ್ಟಿದಳು. ‘ಎಡಗಾಲು. ಡಾವಾ. ಲೆಫ್ಟ್. ಬರ್ಕೊಳ್ಳಿ.’