ಒಡಲು ಒಂದು, ಸೆರಗು ಬೇರೆ

ಇಳಕಲ್ ಸೀರೆಯಲ್ಲಿ ಸೆರಗು ಶುರುವಾಗುವ ಜಾಗವನ್ನು ಬೆರಳಿಂದ ಮುಟ್ಟಿ ನೋಡಿದ್ದೀರಾ? ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಒಡಲು ಹತ್ತಿಯದ್ದೇ ಇದ್ದರೂ ಸೆರಗಿಗೆ ರೇಷ್ಮೆ ಬರಬಹುದು. ಎರಡೂ ಹಾಸಿನ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಅಂತ ಹೆಸರು.

ನಾನು ಬಾಗಲಕೋಟೆಯಲ್ಲಿ ವೆಬ್‌ಸೈಟ್ ಮಾಡಿಕೊಡುತ್ತೇನೆ. ಕೊಂಡಿಯ ಬೆಲೆ ನನಗೆ ಗೊತ್ತಾಗಿದ್ದು ಇಳಕಲ್‌ನ ಒಬ್ಬ ಸೀರೆ ವ್ಯಾಪಾರಿಯ ಕೆಲಸದಲ್ಲಿ. ಅವರಿಗೆ ಎರಡು ಸೈಟ್ ಬೇಕಿತ್ತು. ಒಂದು ಮನೆಮಂದಿಗೆ: ದೊಡ್ಡ ದೊಡ್ಡ ಫೋಟೋ, ಸೆರಗಿನ ಕಸೂತಿ ಕಣ್ಣಿಗೆ ಕಟ್ಟುವ ಹಾಗೆ. ಇನ್ನೊಂದು ಹೋಲ್‌ಸೇಲ್ ಅಂಗಡಿಯವರಿಗೆ: ಬಣ್ಣ, ದಡಿ, ದರ, ಎಷ್ಟು ನಗ ಇದೆ, ಅಷ್ಟೇ. ನೋಟ ಬೇರೆ ತಾನೇ ಅಂದುಕೊಂಡು ಎರಡನ್ನೂ ಬೇರೆ ಬೇರೆಯಾಗಿ ಕಟ್ಟಿದೆ. ಎರಡಕ್ಕೂ ಬೇರೆ ಬೇರೆ ಸ್ಟಾಕ್ ಪಟ್ಟಿ.

ಒಂದು ಸಂಜೆ ಗೋಮಿ ದಡಿಯ ಹಸಿರು ಸೀರೆಯೊಂದು ಎರಡೂ ಕಡೆ ಮಾರಿಹೋಯಿತು. ವ್ಯಾಪಾರಿ ಫೋನ್ ಮಾಡಿದರು: "ತಮ್ಮಾ, ಇರೋದು ಒಂದ ಸೀರಿ. ಇಬ್ಬರಿಗೆ ಹ್ಯಾಂಗ ಕೊಡ್ಲಿ?" ಕೈಮಗ್ಗದ ಸೀರೆ ಅದು. ಅಂಥದ್ದೇ ಇನ್ನೊಂದು ಬೇಕೆಂದರೆ ಮತ್ತೆ ಮಗ್ಗಕ್ಕೆ ಹಾಕಿ ದಿನಗಟ್ಟಲೆ ನೇಯಬೇಕು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಆಮೇಲೆ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಿದೆ. ಈ ಸಲ ಸ್ಟಾಕ್, ದರ, ಆರ್ಡರ್, ಹಣದ ಲೆಕ್ಕ ಎಲ್ಲ ಒಂದೇ ಕಡೆ. ಕಣ್ಣಿಗೆ ಕಾಣದ ಈ ಭಾಗವೇ ಬ್ಯಾಕೆಂಡ್; ಎರಡೂ ಸೈಟನ್ನು ಜೋಡಿಸುವ ಕೊಂಡಿ ಅದೇ. ಖರೀದಿ ಬಟನ್ ಒತ್ತಿದ ಕೂಡಲೇ ಅದು ಡೇಟಾಬೇಸಿಗೆ ಹೇಳುವುದು ಇಷ್ಟೇ: ಈ ಸೀರೆ ಇನ್ನೂ ಇದ್ದರೆ ಮಾತ್ರ ಮಾರಿದೆ ಎಂದು ಬರೆ. ನೋಡುವುದು, ಬರೆಯುವುದು ಎರಡೂ ಒಂದೇ ಏಟಿಗೆ ಆಗಬೇಕು. ನಡುವೆ ಇನ್ನೊಬ್ಬರು ನುಸುಳಲು ಸಂದಿ ಇರಬಾರದು. ಇಬ್ಬರು ಒಂದೇ ಕ್ಷಣಕ್ಕೆ ಒತ್ತಿದರೂ ಒಬ್ಬರಿಗೆ ಸೀರೆ, ಇನ್ನೊಬ್ಬರಿಗೆ "ಮಾರಾಟವಾಗಿದೆ" ಎಂಬ ಸುದ್ದಿ.

ಸರಿ, ಯಂತ್ರ ಒಂದೇ. ಬಂದವರು ಯಾವ ಸೈಟಿಗೆ ಬಂದರು ಅಂತ ಅದಕ್ಕೆ ಹೇಗೆ ತಿಳಿಯುತ್ತದೆ? ಬ್ರೌಸರ್ ಪುಟ ಕೇಳುವಾಗ ಸೈಟಿನ ಹೆಸರನ್ನೂ ಹೇಳುತ್ತದೆ. ಆ ಸಾಲಿಗೆ ಹೋಸ್ಟ್ ಎನ್ನುತ್ತಾರೆ. ಬ್ರೌಸರ್ ಮತ್ತು ಸೈಟ್ ಮಾತಾಡಿಕೊಳ್ಳುವ ನಿಯಮಗಳ ಆವೃತ್ತಿಯಾಗಿ 1997ರಲ್ಲಿ ಬಂದ ಎಚ್‌ಟಿಟಿಪಿ 1.1 ಅದನ್ನು ಕಡ್ಡಾಯ ಮಾಡಿತು. ಅದಕ್ಕೂ ಮೊದಲು ಸಾಮಾನ್ಯವಾಗಿ ಒಂದೊಂದು ಸೈಟಿಗೂ ಒಂದೊಂದು ಐಪಿ ವಿಳಾಸ, ಅಂದರೆ ಅಂತರ್ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ, ಬೇಕಾಗುತ್ತಿತ್ತು. ಹಳೆಯ ಮಾದರಿಯ ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಆ ಒಂದು ಸಾಲು ಎಷ್ಟು ವಿಳಾಸ ಉಳಿಸಿತು ಅಂತ ಯೋಚಿಸಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಹೆಸರು ಗೊತ್ತಾದ ಮೇಲೆ ಬ್ಯಾಕೆಂಡ್ ಆ ಸೈಟಿನ ಟೆಂಪ್ಲೇಟ್, ಅಂದರೆ ಪುಟದ ಖಾಲಿ ಅಚ್ಚು, ಎತ್ತಿಕೊಂಡು ಅದರಲ್ಲಿ ಮಾಹಿತಿ ತುಂಬುತ್ತದೆ. ಬಣ್ಣ, ಅಕ್ಷರ, ಅಂತರ ಇವೆಲ್ಲ ಪುಟದ ನೋಟವನ್ನು ಹೇಳುವ ಭಾಷೆಯಾದ ಸಿಎಸ್‌ಎಸ್‌ ಪಾಲಿನ ಕೆಲಸ. ನಾರ್ವೆಯ ಹೋಕನ್ ವಿಯುಮ್ ಲೀ 1994ರಲ್ಲಿ ಸಿಎಸ್‌ಎಸ್ ವಿಚಾರವನ್ನು ಮುಂದಿಟ್ಟರು. ಆಗ ಅವರು ಇದ್ದದ್ದು ಜಿನೀವಾ ಹತ್ತಿರದ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ. 1996ರ ಡಿಸೆಂಬರ್‌ನಲ್ಲಿ ಅದರ ಮೊದಲ ಆವೃತ್ತಿ ಮಾನ್ಯವಾಯಿತು. ಏನು ಹೇಳಬೇಕು ಎಂಬುದು ಒಂದು ಕಡತದಲ್ಲಿ, ಹೇಗೆ ಕಾಣಬೇಕು ಎಂಬುದು ಇನ್ನೊಂದರಲ್ಲಿ. ನನ್ನ ಎರಡೂ ಸೈಟ್ ನಿಂತಿರುವುದು ಇದರ ಮೇಲೆಯೇ.

ಕೊಂಡಿ ಸಡಿಲಾದರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಪುಟಗಳು ಬೇಗ ತೆರೆಯಲಿ ಎಂದು ಸಿದ್ಧ ಪ್ರತಿಗಳನ್ನು ಕ್ಯಾಶ್‌ನಲ್ಲಿ ಇಟ್ಟಿದ್ದೆ. ಆದರೆ ಪ್ರತಿಯನ್ನು ಗುರುತಿಸಲು ಬಳಸಿದ್ದು ಪುಟದ ದಾರಿ, ಅಂದರೆ ವಿಳಾಸದಲ್ಲಿ ಸೈಟಿನ ಹೆಸರಿನ ನಂತರ ಬರುವ ಭಾಗ, ಮಾತ್ರ; ಸೈಟಿನ ಹೆಸರು ಸೇರಿಸಿರಲಿಲ್ಲ. ಹೋಲ್‌ಸೇಲ್ ದರದ ಪುಟ ಮನೆಮಂದಿಯ ಸೈಟಿನಲ್ಲಿ ಕಾಣಿಸಿತು! ಗುರುತಿಗೆ ಹೆಸರನ್ನೂ ಸೇರಿಸಿದೆ, ಸರಿಹೋಯಿತು. ಒಂದೇ ಬ್ಯಾಕೆಂಡ್ ಇಟ್ಟುಕೊಳ್ಳುವವರು ಡಿಸೈನ್ ಕೆಡುವುದಕ್ಕಿಂತ ಜಾಸ್ತಿ ಭಯಪಡಬೇಕಾದ್ದು ಇಂಥದ್ದಕ್ಕೆ. ನೋಟ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಮಾಹಿತಿ ಆಚೀಚೆ ಹರಿದರೆ ಯಾರೋ ಹೇಳುವ ತನಕ ಗೊತ್ತೇ ಆಗುವುದಿಲ್ಲ.

ಈಗ ಮಹಾರಾಷ್ಟ್ರದ ಗಿರಾಕಿಗಳಿಗಾಗಿ ಮೂರನೆಯದೊಂದು, ಮರಾಠಿಯಲ್ಲಿ. ಬ್ಯಾಕೆಂಡಿನ ಲೆಕ್ಕಾಚಾರವನ್ನು ಮುಟ್ಟಲೇ ಇಲ್ಲ. ಕೆಲಸ ಹಿಡಿದದ್ದು ಅಕ್ಷರಗಳಲ್ಲಿ. ಮರಾಠಿಗೆ ಹೊಂದಿಸಿದ ಸಾಲಿನ ಎತ್ತರವನ್ನು ಸುಮ್ನೆ ಮೂರೂ ಸೈಟಿಗೆ ಕೊಟ್ಟು ನೋಡಿದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ ಅಲ್ವಾ? "ಚಿಕ್ಕಿ ದಡಿ" ಎಂದು ಬರೆದ ಚಿಕ್ಕ ಪಟ್ಟಿಯಲ್ಲಿ ಕ ಒತ್ತು ಅರ್ಧಕ್ಕೇ ಕತ್ತರಿಸಿ ಹೋಗಿತ್ತು. ಸಾಲಿನ ಎತ್ತರವನ್ನು ಸಿಎಸ್‌ಎಸ್‌ನಲ್ಲಿ ಒಂದು ವೇರಿಯಬಲ್ ಮಾಡಿ ಪ್ರತಿ ಸೈಟಿಗೂ ಅದರದ್ದೇ ಅಳತೆ ಕೊಟ್ಟೆ. ಕನ್ನಡಕ್ಕೆ 1.7 ಇಟ್ಟ ಮೇಲೆ ಒತ್ತು ಪೂರ್ತಿ ಕಂಡಿತು.