ಬೇವು, ರಾಸಾಯನಿಕ ಮತ್ತು ಲೆಕ್ಕಕ್ಕೆ ಬಾರದ ಗುಲಗಂಜಿ ಹುಳು

ಬೆಳೆ ಹಾಳುಮಾಡುವ ಹುಳುಗಳನ್ನು ತಿನ್ನುವ ಮಿತ್ರಕೀಟ ಉಳಿಯಬೇಕಾದರೆ ರಾಸಾಯನಿಕ ಬಿಟ್ಟು ಬೇವಿಗೆ ಬನ್ನಿ ಅನ್ನೋದು ಒಂದು ಮಾತು. ಈಗಿನ ಹೊಸ ಔಷಧಿಗಳು ಶತ್ರುಕೀಟವನ್ನಷ್ಟೇ ಕೊಲ್ಲುತ್ತವೆ ಅನ್ನೋದು ಇನ್ನೊಂದು ಮಾತು. ಎರಡರ ನಡುವೆ ರೈತ ಸಿಕ್ಕಿಕೊಂಡಿದ್ದಾನೆ. ಈ ಗೊಂದಲ ಇವತ್ತಿನದಲ್ಲ.

1888ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಗಿಡದ ರಸ ಹೀರುವ ಒಂದು ಶಲ್ಕ ಕೀಟದಿಂದ ನೆಲಕಚ್ಚಿದ್ದವು. ಆಸ್ಟ್ರೇಲಿಯಾದಿಂದ ತಂದ ವೆಡಾಲಿಯಾ ಅನ್ನುವ ಪುಟ್ಟ ಗುಲಗಂಜಿ ಹುಳು ಒಂದೆರಡು ವರ್ಷದಲ್ಲೇ ಅದನ್ನು ಹತೋಟಿಗೆ ತಂದಿತು. 1940ರ ದಶಕದಲ್ಲಿ ತೋಟಗಳಿಗೆ ಡಿಡಿಟಿ ಅನ್ನುವ ರಾಸಾಯನಿಕ ಕೀಟನಾಶಕ ಬಂತು. ವೆಡಾಲಿಯಾ ಸತ್ತಿತು, ಶಲ್ಕ ಕೀಟ ವಾಪಸ್ ಬಂತು. ಮುಂದೆ ಏಷ್ಯಾದ ಭತ್ತದ ಗದ್ದೆಗಳಲ್ಲೂ ಇದೇ ಕತೆ. ಔಷಧಿಗೆ ಜೇಡಗಳು ಸತ್ತ ಕಡೆಯೆಲ್ಲ ಅವು ತಿನ್ನುತ್ತಿದ್ದ ಕಂದು ಜಿಗಿಹುಳು ಹೆಚ್ಚಿತು, ಕೊನೆಗೆ 1986ರಲ್ಲಿ ಇಂಡೋನೇಷ್ಯಾ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ಒಂದೇ ಏಟಿಗೆ ನಿಷೇಧಿಸಿತು.

ನಮ್ಮಲ್ಲಿ ಇದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿದ್ದು ಕಬ್ಬಿನಲ್ಲಿ. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆ ಕಬ್ಬಿನ ರಸ ಹೀರುವ ಬಿಳಿ ಉಣ್ಣೆ ಹೇನು ಶುರುವಾಯಿತು. ಅದೇ ವರ್ಷ ಬೆಳಗಾವಿ, ಬಾಗಲಕೋಟೆ, ವಿಜಯಪುರಕ್ಕೂ ಬಂತು. ಎಲೆ ಮಗುಚಿದರೆ ಹಿಂಜಿದ ಅರಳೆ ಅಂಟಿಸಿದ ಹಾಗೆ ಸಾಲುಸಾಲು ಹೇನು. ಅದು ಸುರಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬೀಳುತ್ತದೆ, ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ನೋಡನೋಡುತ್ತ ಇಡೀ ಹೊಲ ಮಸಿ ಬಳಿದಂತಾಗುತ್ತದೆ. ಅದನ್ನು ನೋಡಿದ ಯಾರಿಗಾದರೂ ಮೊದಲು ಹೊಳೆಯುವುದು ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದೇ, ಅದರಲ್ಲಿ ರೈತನ ತಪ್ಪೇನೂ ಇಲ್ಲ. ಆದರೆ ಆಳೆತ್ತರ ದಾಟಿದ ಕಬ್ಬಿನೊಳಗೆ ಪಂಪು ಹೊತ್ತು ಹೋಗುವುದೇ ಕಷ್ಟ. ಹೇನು ಇರುವುದು ಎಲೆಯ ಕೆಳಗೆ, ಔಷಧಿ ಬೀಳುವುದು ಜಾಸ್ತಿ ಮೇಲೆ.

ಅಷ್ಟರಲ್ಲಿ ಹೇನಿನ ಗುಂಪಿನ ನಡುವೆಯೇ ಬೇರೆ ಹುಳುಗಳು ಕಂಡವು. ಒಂದು ಡೈಫಾ. ಇದು ಪತಂಗದ ಮರಿಹುಳು, ರೇಷ್ಮೆಯಂಥ ಬಲೆ ನೇಯ್ದು ಅದರಡಿ ಕೂತು ಹೇನನ್ನು ತಿನ್ನುತ್ತಾ ಹೋಗುತ್ತದೆ. ಇನ್ನೊಂದು ಮೈಕ್ರೋಮಸ್, ಕಂದು ಬಣ್ಣದ ಜಾಲರಿ ರೆಕ್ಕೆಯ ಕೀಟ, ಇದರ ಮರಿಯೂ ತಿನ್ನುತ್ತದೆ, ದೊಡ್ಡದೂ ತಿನ್ನುತ್ತದೆ. ಅಸ್ಸಾಂನಿಂದ ಹೇನಿನೊಳಗೇ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಎನ್ಕಾರ್ಸಿಯಾ ಎಂಬ ಕಣಜವನ್ನೂ ತಂದು ಬಿಟ್ಟರು. ಔಷಧಿ ಬಿದ್ದ ಹೊಲದಲ್ಲಿ ಈ ಹುಳುಗಳೂ ಸಾಯುತ್ತವೆ, ಬದುಕಿದ ಹೇನಿಗೆ ಮತ್ತೆ ಹಬ್ಬಲು ಅಡ್ಡಿಯೇ ಇರುವುದಿಲ್ಲ. ಹಾಗಾಗಿ ಸಲಹೆಯೇ ಬದಲಾಯಿತು: ಡೈಫಾ, ಮೈಕ್ರೋಮಸ್ ಕಂಡರೆ ಸಿಂಪಡಣೆ ನಿಲ್ಲಿಸಿ. ಹುಳು ಇರುವ ಎಲೆಗಳನ್ನು ಕತ್ತರಿಸಿ, ಹುಳು ಇಲ್ಲದ ಹೊಲಕ್ಕೆ ಒಯ್ದು ಕಟ್ಟುವ ಕೆಲಸ ನಡೆಯಿತು. ನೆರಳು ಪರದೆಯ ಮನೆಗಳಲ್ಲಿ ಇವುಗಳನ್ನು ಸಾಕಿ ಹಂಚಿದರು. ಕೆಲವೇ ವರ್ಷಗಳಲ್ಲಿ ಉಣ್ಣೆ ಹೇನಿನ ಹಾವಳಿ ಇಳಿಯಿತು. ನಮ್ಮ ಕೃಷಿ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ ಅನ್ನೋದು ನನ್ನ ಬೇಸರ.

ಹಾಗಾದರೆ ಬೇವು? 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ (ಐಎಆರ್‌ಐ) ಬೇವಿನ ಬೀಜದ ದ್ರಾವಣ ಸಿಂಪಡಿಸಿದ ಬೆಳೆಯನ್ನು ಮಿಡತೆಗಳು ಮುಟ್ಟಲಿಲ್ಲ. 1968ರಲ್ಲಿ ಅದರ ಮುಖ್ಯ ಅಂಶ ಅಜಾಡಿರಾಕ್ಟಿನ್ ಅನ್ನು ಬೇರ್ಪಡಿಸಿದರು. ಶೇ 5ರ ಬೇವಿನ ಬೀಜದ ಕಷಾಯ ಇವತ್ತು ಎಲ್ಲರಿಗೂ ಗೊತ್ತು. ಬೆಳೆದ ಗುಲಗಂಜಿ ಹುಳಕ್ಕೆ, ಜೇಡಕ್ಕೆ ಅದರಿಂದ ಅಷ್ಟಾಗಿ ತೊಂದರೆ ಇಲ್ಲ. ಮರಿಗಳ ವಿಷಯ ಬೇರೆ. ಕ್ರೈಸೋಪರ್ಲಾ ಅನ್ನೋದು ಹಸಿರು ಬಣ್ಣದ ಜಾಲರಿ ರೆಕ್ಕೆಯ ಮಿತ್ರಕೀಟ. ಬೇವು ತಾಗಿದ ಅದರ ಮರಿ ಅವತ್ತೇ ಸಾಯುವುದಿಲ್ಲ, ಓಡಾಡುತ್ತದೆ, ಹೇನು ತಿನ್ನುತ್ತದೆ. ಪೊರೆ ಬಿಡುವ ದಿನ ಬಂದಾಗ ಹಳೆ ಚರ್ಮದಿಂದ ಹೊರಬರಲಾರದೆ ಸಾಯುತ್ತದೆ, ಇಲ್ಲವೇ ಗೂಡು ಕಟ್ಟಿದರೂ ಕೀಟವಾಗಿ ಹೊರಬರುವುದಿಲ್ಲ. ಗುಲಗಂಜಿ ಹುಳದ ಮರಿಗಳಲ್ಲೂ ಹೀಗಾಗುವುದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಔಷಧಿ ಹೊಡೆದ ಮಾರನೇ ದಿನ ಸತ್ತ ಹುಳು ಎಣಿಸಿದರೆ ಇದು ಸಿಗಲ್ಲ, ಅಲ್ವಾ? ಆದರೂ ಹೊಲದಲ್ಲಿ ಪೆಟ್ಟು ಕಡಿಮೆ, ಯಾಕೆಂದರೆ ಅಜಾಡಿರಾಕ್ಟಿನ್ ಬಿಸಿಲಿಗೆ ಕೆಲವೇ ದಿನದಲ್ಲಿ ಒಡೆದುಹೋಗುತ್ತದೆ. ಬೇವನ್ನು ಆಗಿನ ಡಿಡಿಟಿ ಜೊತೆ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ. ಹಾಗಂತ ಗಿಡದಿಂದ ಬಂದದ್ದೆಲ್ಲ ಬೇವಲ್ಲ. ತಂಬಾಕಿನ ಕಷಾಯದಲ್ಲಿರುವ ನಿಕೋಟಿನ್ ಮಿತ್ರಕೀಟವನ್ನೂ ಬಿಡುವುದಿಲ್ಲ.

ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಥರದ ಹೊಸ ಔಷಧಿಗಳೂ ನಿಕೋಟಿನ್ ಹೊಡೆಯುವ ನರದ ಜಾಗಕ್ಕೇ ಹೊಡೆಯುತ್ತವೆ. ಇವು ಗಿಡದ ರಸದಲ್ಲೇ ಸೇರಿಕೊಳ್ಳುವುದರಿಂದ ರಸ ಹೀರುವ ಹುಳುವಷ್ಟೇ ಸಾಯುತ್ತದೆ ಅಂತ ನಂಬಿದ್ದರು. 2019ರಲ್ಲಿ ಸ್ಪೇನ್‌ನ ಸಂಶೋಧಕರು ತೋರಿಸಿದ್ದೇ ಬೇರೆ: ಔಷಧಿ ಕೊಟ್ಟ ಕಿತ್ತಳೆ ಜಾತಿಯ ಗಿಡದಲ್ಲಿ ಹಿಟ್ಟು ತಿಗಣೆ ಸುರಿಸಿದ ಸಿಹಿ ಅಂಟಿನಲ್ಲೂ ವಿಷ ಇತ್ತು, ಅದನ್ನು ನೆಕ್ಕಿದ ಹೂನೊಣ ಮತ್ತು ಕಣಜ ಎಂಬ ಮಿತ್ರಕೀಟಗಳು ಸತ್ತವು.

ಇಷ್ಟೆಲ್ಲ ಗೊತ್ತಿದ್ದೂ ಅಂಗಡಿಯಲ್ಲಿ ರೈತನ ಕೈಗೆ ಸಿಗುವುದು ಡಬ್ಬಿ ಮೇಲಿನ ಒಂದು ತ್ರಿಕೋನ. ಕೆಂಪು, ಹಳದಿ, ನೀಲಿ, ಹಸಿರು. ಪ್ರಯೋಗದ ಪ್ರಾಣಿ ಎಷ್ಟು ವಿಷಕ್ಕೆ ಸಾಯುತ್ತದೆ ಅನ್ನುವ ಲೆಕ್ಕದ ಮೇಲೆ ನಿಂತ ಬಣ್ಣ ಅದು, ಮನುಷ್ಯನ ಎಚ್ಚರಿಕೆಗೆ. ಹಸಿರು ಇದ್ದರೆ ಗುಲಗಂಜಿ ಹುಳಕ್ಕೂ ಸುರಕ್ಷಿತ ಅಂತ ಅರ್ಥ ಅಲ್ಲವೇ ಅಲ್ಲ. ಮಿತ್ರಕೀಟದ ಮರಿ, ಮೊಟ್ಟೆಗಳ ಮೇಲಿನ ಪರಿಣಾಮ ಅಳೆಯುವ ವಿಧಾನಗಳನ್ನು 1974ರಿಂದಲೂ ಒಂದು ಅಂತರರಾಷ್ಟ್ರೀಯ ತಂಡ ರೂಪಿಸುತ್ತಾ ಬಂದಿದೆ. ಆ ಫಲಿತಾಂಶ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಡಬ್ಬಿ ಮೇಲೆ ಬರಬೇಕು. ಅಲ್ಲಿಯವರೆಗೆ ಪಂಪು ತುಂಬುವ ಮೊದಲು ಹತ್ತಾರು ಎಲೆ ಮಗುಚಿ ನೋಡಿ. ಹೇನಿನ ನಡುವೆ ಮಿತ್ರಕೀಟದ ಮರಿ ಓಡಾಡುತ್ತಿದ್ದರೆ ಬೇವನ್ನೂ ಸೇರಿಸಿ ಎಲ್ಲವನ್ನೂ ಕೆಲವು ದಿನ ಮುಂದೂಡಿ.